ಕೆಲಸ ಮಾಡದೆ ನಿಂತವನ ಕೆಲಸ

ಮೈಸೂರು ಸಂಸ್ಥಾನದ ರೈಲುಮಾರ್ಗವನ್ನು ಕುರಿತು ಹಿಂದೊಮ್ಮೆ ಬರೆದಿದ್ದ ಲೇಖನವನ್ನು ಓದಿ, ನನ್ನ ಅಕ್ಕನ ಮೊಮ್ಮಗ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾನೆ. ಇಂಜಿನಿಯರಿಂಗ್ ಎರಡನೆಯ ವರ್ಷದ ಹುಡುಗ. "ತಾತ, ಬಸ್ಸು ಲಾರಿಗಳಾದರೆ ಎಲ್ಲಿಂದ ಬೇಕಾದರೂ ನುಗ್ಗಬಹುದು. ರೈಲು ಹಳಿ ಬಿಟ್ಟು ಅತ್ತಿತ್ತ ಹೋಗುವುದಿಲ್ಲ, ಬರುವ ಹೊತ್ತೂ ಗೊತ್ತಿರುತ್ತದೆ. ಹಳಿಯ ಮೇಲೆ ಕೆಲಸ ಮಾಡುವವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕಲ್ಲವೇ? ಆದರೂ ವರ್ಷಂಪ್ರತಿ ಗ್ಯಾಂಗ್‌ಮನ್‌ಗಳು ರೈಲಿಗೆ ಸಿಕ್ಕಿ ಸಾಯುವುದೇಕೆ?" ಎಂಬುದು ಅವನ ಪ್ರಶ್ನೆ.

ಪ್ರಶ್ನೆ ಮುಗ್ಧವಾಗಿ ಕಂಡರೂ ಉತ್ತರಕ್ಕೆ ನೂರೆಂಬತ್ತು ವರ್ಷಗಳ ಇತಿಹಾಸವಿದೆ. ಅವನೊಬ್ಬನಿಗೇ ಉತ್ತರ ಬರೆಯುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅವರಿಗೆ ಇದು ತಮ್ಮ ಮನೆಯ ಸಂಗತಿಯೇ.

ಮೊದಲು ಆ ಎರಡು ಹೆಜ್ಜೆಯ ಮಾತು. ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ ಮೂವತ್ತು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಚಾಲಕನು ಮನುಷ್ಯರನ್ನು ಕಂಡೊಡನೆ ಬ್ರೇಕ್ ಹಾಕಿದರೂ ಗಾಡಿ ನಿಲ್ಲಲು ಹಲವು ನೂರು ಮೀಟರ್ ಬೇಕು. ಆದ್ದರಿಂದ ಸರಿಯಬೇಕಾದವನು ಮನುಷ್ಯನೇ. ಆದರೆ ಅವನು ಬಗ್ಗಿ ನಿಂತಿದ್ದಾನೆ, ಕೈಯಲ್ಲಿ ಹಾರೆಯೋ ಸುತ್ತಿಗೆಯೋ ಇದೆ, ಜಲ್ಲಿಯ ಮೇಲೆ ಗುದ್ದುವ ಸದ್ದು ಕಿವಿ ತುಂಬಿದೆ, ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. ಹಬೆಯ ಎಂಜಿನ್ನಿನ ಕಾಲದಲ್ಲಿ ಹೊಗೆಯೂ ಉಬ್ಬಸವೂ ಮುಂಚಿತವಾಗಿಯೇ ಬರುತ್ತಿದ್ದವು; ವಿದ್ಯುತ್ ಎಂಜಿನ್ನಿನ ಗಾಡಿ ಇಳಿಜಾರಿನಲ್ಲಿ ಬಂದರೆ ಬಳಿಗೆ ಬರುವವರೆಗೂ ಸದ್ದಿಲ್ಲ. ಜೋಡಿ ಹಳಿಯಿರುವೆಡೆ ಇನ್ನೊಂದು ಅಪಾಯವುಂಟು. ಒಂದು ಗಾಡಿಗೆ ದಾರಿ ಬಿಟ್ಟು ಪಕ್ಕದ ಹಳಿಗೆ ಸರಿದವನನ್ನು, ಆ ಗಾಡಿಯ ಅಬ್ಬರದಲ್ಲಿ ಕೇಳಿಸದೆ ಬಂದ ಎರಡನೆಯ ಗಾಡಿ ಒಯ್ಯುತ್ತದೆ. ಅನುಭವಿ ಕೆಲಸಗಾರರೂ ಹೀಗೆ ಹೋಗಿದ್ದಾರೆ. ಇನ್ನು ಹೊತ್ತು ಗೊತ್ತಿರುತ್ತದೆ ಎಂಬ ಮಾತು. ಪ್ರಯಾಣಿಕರ ಗಾಡಿಗಳಿಗೆ ವೇಳಾಪಟ್ಟಿಯುಂಟು, ಅದೂ ತಡವಾಗುತ್ತದೆ. ಸರಕು ಗಾಡಿಗಳು ಯಾವಾಗ ಬರುತ್ತವೆಂದು ಹಳಿಯ ಮೇಲಿರುವವನಿಗೆ ಹೇಳುವವರಾರು?

ಇವೆಲ್ಲಕ್ಕಿಂತ ದೊಡ್ಡ ಕಾರಣ ಏಕಾಗ್ರತೆ. ಮಕ್ಕಳಿಗೆ ನಾವು ಮೇಷ್ಟ್ರುಗಳು ಜೀವಮಾನವಿಡೀ ಬೋಧಿಸಿದ ಗುಣವೇ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಕೈಯಲ್ಲಿರುವ ಕೆಲಸದಲ್ಲಿ ಮುಳುಗಿದವನು ಅದೇ ಗಳಿಗೆಯಲ್ಲಿ ದಿಗಂತವನ್ನು ನೋಡುತ್ತಿರಲಾರ. ಆದ್ದರಿಂದ ನೋಡುವುದನ್ನೇ ಕೆಲಸವನ್ನಾಗಿ ಇನ್ನೊಬ್ಬನಿಗೆ ವಹಿಸಬೇಕಾಯಿತು. ರೈಲ್ವೆಯ ಭಾಷೆಯಲ್ಲಿ ಅವನು ಲುಕ್‌ಔಟ್ ಮ್ಯಾನ್. ಕೈಯಲ್ಲಿ ಬಾವುಟ, ಬಾಯಲ್ಲಿ ಸೀಟಿ. ಉಳಿದವರು ಬೆವರು ಸುರಿಸುತ್ತಿರುವಾಗ ಇವನು ಸುಮ್ಮನೆ ನಿಂತಿರುತ್ತಾನೆ. ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು ಇವನ ಕಥೆಯೇ. ಇವನನ್ನು ಒದಗಿಸಬೇಕೆಂಬ ನಿಯಮ ಬರಲು ಬಹುಕಾಲ ಹಿಡಿಯಿತು. ಬಂದ ಮೇಲೆ, ಆಳು ಕಡಿಮೆಯಾದಾಗಲೆಲ್ಲ ಮೊದಲು ಇಲ್ಲವಾದವನೂ ಇವನೇ.

ರೈಲು ಹುಟ್ಟಿದ ಇಂಗ್ಲೆಂಡಿನಿಂದಲೇ ಆರಂಭಿಸೋಣ. 1841ರಲ್ಲಿ ಎಡ್ವರ್ಡ್ ಆಲ್ಫ್ರೆಡ್ ಕೂಪರ್ ಎಂಬ ತರುಣ ಇಂಜಿನಿಯರ್ ಒಂದು ಸರಳ ಸಾಧನವನ್ನು ಕಂಡುಹಿಡಿದನು. ಸಿಡಿಮದ್ದು ತುಂಬಿದ ಚಪ್ಪಟೆಯಾದ ತಗಡಿನ ಡಬ್ಬಿ. ಸೀಸದ ಪಟ್ಟಿಗಳಿಂದ ಅದನ್ನು ಹಳಿಯ ತಲೆಗೆ ಬಿಗಿಯುವುದು. ಎಂಜಿನ್ನಿನ ಗಾಲಿ ಅದರ ಮೇಲೆ ಹಾಯ್ದಾಗ ಢಮ್ಮೆಂದು ಸಿಡಿಯುತ್ತದೆ, ಚಾಲಕನು ಗಾಡಿ ನಿಲ್ಲಿಸುತ್ತಾನೆ. ಮಂಜು ಮುಸುಕಿದಾಗ ಕಂಬದ ಸಿಗ್ನಲ್ ಕಾಣುವುದಿಲ್ಲವೆಂದು ಮಾಡಿದ ಉಪಾಯವಿದು. ಇದೇ ಕೂಪರ್ ಮುಂದೆ ಕಬ್ಬಿಣದ ಕುಲುಮೆಗೆ ಬಿಸಿಗಾಳಿ ಊದುವ ಒಲೆಯನ್ನು ರೂಪಿಸಿ ಹೆಚ್ಚಿನ ಹೆಸರು ಗಳಿಸಿದನು. ಆದರೆ ಲೋಕದ ರೈಲುಹಳಿಗಳ ಮೇಲೆ ಅವನ ಆ ಡಬ್ಬಿ ಇಂದಿಗೂ ಸಿಡಿಯುತ್ತಿದೆ. ಇಂಗ್ಲಿಷಿನಲ್ಲಿ ಡಿಟೊನೇಟರ್, ನಮ್ಮ ಗ್ಯಾಂಗ್‌ಮನ್‌ಗಳ ಬಾಯಲ್ಲಿ ಪಟಾಕಿ. ನಿಘಂಟುಕಾರರು ಇನ್ನೂ ಒಳ್ಳೆಯ ಪದವನ್ನು ಸೃಷ್ಟಿಸಲಾರರು.

ಕೆಲಸಕ್ಕಾಗಿ ಹಳಿಯನ್ನು ಬಿಚ್ಚಿದಾಗ ಈ ಪಟಾಕಿಯೇ ನಮ್ಮ ದೇಶದಲ್ಲಿಯೂ ಕಾವಲು. ಬ್ರಾಡ್‌ಗೇಜ್ ಮಾರ್ಗವಾದರೆ ಕೆಲಸದ ಜಾಗದಿಂದ 600 ಮೀಟರ್ ದೂರದಲ್ಲಿ ಹಳಿಗೆ ಅಡ್ಡಲಾಗಿ ಕೆಂಪು ಬಾವುಟ ಕಟ್ಟಬೇಕು. 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರಿಗೆ ಒಂದರಂತೆ ಮೂರು ಪಟಾಕಿ ಇಡಬೇಕು. ಮೀಟರ್‌ಗೇಜಿಗೆ ಈ ದೂರಗಳು 400 ಮತ್ತು 800. ಒಂದು ಸಿಡಿಯದಿದ್ದರೆ ಇನ್ನೊಂದು ಇರಲಿ ಎಂದು ಮೂರು. ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲಾದ ಕೀಲುಗಳನ್ನು ಬಡಿದು ಬಿಗಿಮಾಡುವ ಕೀಮ್ಯಾನ್ ತನ್ನ ಚೀಲದಲ್ಲಿ ಸುತ್ತಿಗೆ, ಸ್ಪ್ಯಾನರ್, ಬಾವುಟಗಳ ಜೊತೆಗೆ ಪಟಾಕಿಗಳನ್ನೂ ಹೊತ್ತಿರುತ್ತಾನೆ. ಹಳಿ ಮುರಿದುದನ್ನು ಕಂಡರೆ ಅವನು ಗಾಡಿ ಬರುವ ದಿಕ್ಕಿಗೆ ಓಡಿ ಅವನ್ನು ಕಟ್ಟಬೇಕು.

ಸೂಕ್ಷ್ಮವಾಗಿ ನೋಡಿದರೆ ಈ ಏರ್ಪಾಡಿನ ಮೊದಲ ಉದ್ದೇಶ ಗಾಡಿಯ ರಕ್ಷಣೆ. ಹಳಿ ಬಿಚ್ಚಿದೆ, ಗಾಡಿ ಉರುಳದಿರಲಿ ಎಂಬುದು. ಹಳಿ ಗಟ್ಟಿಯಾಗಿದ್ದು, ಅದರ ಮೇಲೆ ಮನುಷ್ಯ ಮಾತ್ರ ಇದ್ದರೆ? ಆಗ ಗಾಡಿಗೇನೂ ಅಪಾಯವಿಲ್ಲ, ಅದನ್ನು ನಿಲ್ಲಿಸುವ ಪ್ರಶ್ನೆಯೇ ಏಳುವುದಿಲ್ಲ. ಈ ಎರಡನೆಯ ಸಂದರ್ಭವನ್ನು ಕಾನೂನು ಗಂಭೀರವಾಗಿ ಪರಿಗಣಿಸಿದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ.

ಆ ವೇಳೆಗೆ ಬ್ರಿಟನ್ನಿನಲ್ಲಿ ವರ್ಷವರ್ಷವೂ ನೂರಾರು ರೈಲ್ವೆ ನೌಕರರು ಕೆಲಸದ ಮೇಲೆ ಸಾಯುತ್ತಿದ್ದರು. ಪ್ರಯಾಣಿಕರ ಗಾಡಿ ಉರುಳಿದರೆ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳ ವರದಿ, ವಿಚಾರಣೆ. ಇವರಾದರೋ ಒಬ್ಬೊಬ್ಬರಾಗಿ, ಒಂದೊಂದು ಊರಿನಲ್ಲಿ, ಒಂದೊಂದು ದಿನ ಸಾಯುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾರ್ಮಿಕ ಸಂಘದವರ ಒತ್ತಾಯದಿಂದ ರಾಜಾಯೋಗವೊಂದು ವಿಚಾರಣೆ ನಡೆಸಿತು. 1900ರಲ್ಲಿ ರೈಲ್ವೆ ನೌಕರರ ಅಪಘಾತ ತಡೆ ಕಾಯಿದೆ ಬಂದಿತು. ಅದರಡಿಯಲ್ಲಿ 1902ರಲ್ಲಿ ಹೊರಟ ನಿಯಮಗಳಲ್ಲಿ ಒಂಬತ್ತನೆಯದು ನಮಗೆ ಮುಖ್ಯ. ಗಾಡಿ ಓಡುವ ಹಳಿಯನ್ನು ಹೊಸದಾಗಿ ಹಾಸುವ ಅಥವಾ ದುರಸ್ತಿ ಮಾಡುವ ಕೆಲಸಗಾರರಿಗೆ ಅಪಾಯವಿದ್ದಲ್ಲಿ, ಗಾಡಿ ಬರುವುದನ್ನು ನೋಡಿ ಎಚ್ಚರಿಸಲು ಜನರನ್ನೋ ಸಾಧನವನ್ನೋ ಕಂಪನಿಯೇ ಒದಗಿಸಬೇಕು ಎಂಬುದು ಅದರ ಸಾರಾಂಶ. ಕೆಲಸ ಮಾಡದೆ ನಿಲ್ಲುವವನಿಗೆ ಕಾನೂನಿನಲ್ಲಿ ಒಂದು ಜಾಗ ದೊರೆಯಿತು.

ಇಲ್ಲಿ ಒಂದು ಮೊಕದ್ದಮೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕಾನೂನು ಓದಿದ ನನ್ನ ವಿದ್ಯಾರ್ಥಿಗಳು ಇದನ್ನು ಶಾಸನದ ಅರ್ಥವಿವರಣೆ ಎಂಬ ಪಾಠದಲ್ಲಿ ಓದಿರುತ್ತಾರೆ. ಪರೀಕ್ಷೆ ಬರೆದು ಮರೆತೂ ಇರಬಹುದು.

ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ಎಂಬ ಕಂಪನಿಯಲ್ಲಿ ಬೆರಿಮನ್ ಎಂಬ ನೌಕರನಿದ್ದನು. ಹಳಿಯ ಬಳಿ ಸಿಗ್ನಲ್ ವ್ಯವಸ್ಥೆಗೆ ಸೇರಿದ ಭಾಗಗಳಿಗೆ ಎಣ್ಣೆ ಹಾಕುತ್ತಿದ್ದಾಗ ಗಾಡಿ ಬಡಿದು ಸತ್ತನು. ಕಾವಲಿಗೆ ಯಾರನ್ನೂ ನಿಲ್ಲಿಸಿರಲಿಲ್ಲ. ಅವನ ವಿಧವೆ ಪರಿಹಾರ ಕೋರಿ ದಾವೆ ಹೂಡಿದಳು. ಪ್ರಕರಣ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 1946ರಲ್ಲಿ ತೀರ್ಪು ಬಂದಿತು. ಕಾವಲುಗಾರನಿರಲಿಲ್ಲ ಎಂಬುದರ ಬಗ್ಗೆ ತಕರಾರಿಲ್ಲ. ಗಾಡಿ ಬಡಿದು ಸತ್ತನೆಂಬುದರ ಬಗ್ಗೆಯೂ ಇಲ್ಲ. ಪ್ರಶ್ನೆ ಇದ್ದದ್ದು ಒಂದೇ: ಎಣ್ಣೆ ಹಾಕುವುದು 'ದುರಸ್ತಿ'ಯೇ? ನಿಯಮದಲ್ಲಿರುವುದು ಹಾಸುವುದು ಮತ್ತು ದುರಸ್ತಿ ಮಾಡುವುದು ಎಂಬ ಎರಡೇ ಪದಗಳು. ದುರಸ್ತಿಯೆಂದರೆ ಕೆಟ್ಟುದನ್ನು ಸರಿಮಾಡುವುದು. ಎಣ್ಣೆ ಹಾಕುವುದಾದರೋ ಕೆಡದಂತೆ ಕಾಪಾಡುವುದು, ಅಂದರೆ ನಿರ್ವಹಣೆ. ನಿರ್ವಹಣೆ ಎಂಬ ಪದ ನಿಯಮದಲ್ಲಿಲ್ಲ. ಆದ್ದರಿಂದ ಕಾವಲುಗಾರನನ್ನು ಒದಗಿಸುವ ಹೊಣೆ ಕಂಪನಿಗೆ ಇರಲಿಲ್ಲವೆಂದು ತೀರ್ಮಾನವಾಯಿತು. ವಿಧವೆಯ ದಾವೆ ಬಿದ್ದುಹೋಯಿತು.

ನಮ್ಮ 'ದುರಸ್ತಿ' ಪದವು ಪಾರಸಿಯ 'ದುರುಸ್ತ್' ಎಂಬುದರಿಂದ ಬಂದದ್ದು. ಅದರ ಅರ್ಥ ಸರಿಯಾದದ್ದು, ನೆಟ್ಟಗಿರುವುದು. ಸರಿಯಿರುವುದನ್ನು ಸರಿಯಾಗಿಯೇ ಇರಿಸುವವನಿಗೂ ಆ ಪದ ಸಲ್ಲುವುದೆಂದು ನಾನಾದರೆ ವಾದಿಸುತ್ತಿದ್ದೆ. ಆದರೆ ಲಾರ್ಡುಗಳ ಮುಂದೆ ಕನ್ನಡ ಮೇಷ್ಟ್ರ ವಾದ ನಡೆಯುವಂತಿರಲಿಲ್ಲ! ವಿನೋದ ಹಾಗಿರಲಿ. ಬರುತ್ತಿದ್ದ ರೈಲಿಗೆ ದುರಸ್ತಿಗೂ ನಿರ್ವಹಣೆಗೂ ಭೇದ ತಿಳಿದಿರಲಿಲ್ಲ. ತೀರ್ಪು ಬರೆದವರು ನಿರ್ದಯಿಗಳೆಂದು ನಾನು ಹೇಳುತ್ತಿಲ್ಲ. ಶಾಸನದಲ್ಲಿಲ್ಲದ ಪದವನ್ನು ಸೇರಿಸುವುದು ನ್ಯಾಯಾಧೀಶರ ಕೆಲಸವಲ್ಲವೆಂಬ ಅವರ ನಿಲುವಿಗೂ ಒಂದು ತರ್ಕವಿದೆ. ನನ್ನ ಆಕ್ಷೇಪಣೆ ಬೇರೆಯದು. ಒಂದು ನಿಯಮವನ್ನು ಕನಿಷ್ಠ ಎಷ್ಟು ಪಾಲಿಸಿದರೆ ಸಾಕು ಎಂದು ಅಳೆಯುತ್ತ ಕುಳಿತ ಕಂಪನಿಯ ಮನೋಭಾವವಿದೆಯಲ್ಲ, ಅದು ಆ ಕಾಲಕ್ಕೂ ಆ ದೇಶಕ್ಕೂ ಮುಗಿದುಹೋದ ಸಂಗತಿಯಲ್ಲ. ಬ್ರಿಟನ್ನಿನಲ್ಲಿ 1974ರ ಕಾಯಿದೆಯು ಸಾಧ್ಯವಾದ ಮಟ್ಟಿಗೆ ಎಲ್ಲ ಕೆಲಸಗಾರರ ಸುರಕ್ಷತೆಯೂ ಮಾಲೀಕನ ಹೊಣೆಯೆಂದು ವಿಶಾಲವಾಗಿ ಸಾರಿದ ಮೇಲೆ ಇಂಥ ಪದಜಗಳಕ್ಕೆ ಅವಕಾಶ ಕಡಿಮೆಯಾಯಿತು. ನಮ್ಮಲ್ಲಿ 1923ರಲ್ಲಿಯೇ ಬಂದ ಕಾರ್ಮಿಕರ ಪರಿಹಾರ ಕಾಯಿದೆ ಈ ವಿಷಯದಲ್ಲಿ ಉದಾರವಾಗಿತ್ತು ಎನ್ನಬೇಕು. ಕೆಲಸದ ಮೇಲಿದ್ದಾಗ, ಕೆಲಸದ ಕಾರಣದಿಂದ ಸತ್ತನೇ ಎಂಬುದಷ್ಟೇ ಅಲ್ಲಿ ಮುಖ್ಯ. ಸುರಕ್ಷತಾ ನಿಯಮವನ್ನು ಅವನೇ ಮೀರಿದ್ದನೆಂಬ ನೆಪವನ್ನು ಸಾವಿನ ಪ್ರಕರಣದಲ್ಲಿ ಒಡ್ಡುವಂತಿರಲಿಲ್ಲ. ಆದರೆ ಪರಿಹಾರ ಬರುವುದು ಸತ್ತ ಮೇಲೆ.

ನಾನು ಅರಸೀಕೆರೆಯಲ್ಲಿ ಕೆಲವು ವರ್ಷ ಪಾಠ ಹೇಳುತ್ತಿದ್ದ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಆಗಿನ್ನೂ ಮೀಟರ್‌ಗೇಜ್, ಒಂಟಿ ಹಳಿ. ತರಗತಿಯ ಕಾಲುಭಾಗ ರೈಲ್ವೆಯವರ ಮಕ್ಕಳು. ಒಮ್ಮೆ 'ನನ್ನ ತಂದೆಯ ಕೆಲಸ' ಎಂಬ ಪ್ರಬಂಧ ಬರೆಸಿದಾಗ ಏಳನೆಯ ತರಗತಿಯ ಹುಡುಗನೊಬ್ಬ, "ನಮ್ಮಪ್ಪ ಗ್ಯಾಂಗಿನಲ್ಲಿದ್ದಾರೆ. ಈ ತಿಂಗಳು ಅವರು ಕೆಲಸ ಮಾಡುವುದಿಲ್ಲ, ಬಾವುಟ ಹಿಡಿದುಕೊಂಡು ನಿಂತುಕೊಳ್ಳುತ್ತಾರೆ" ಎಂದು ಬರೆದಿದ್ದ. ಗಟ್ಟಿಯಾಗಿ ಓದಿದಾಗ ತರಗತಿಯೆಲ್ಲ ನಕ್ಕಿತು. ಹುಡುಗನಿಗೆ ಅವಮಾನವೇನೂ ಆದಂತೆ ಕಾಣಲಿಲ್ಲ, ನಗುವವರೊಡನೆ ಅವನೂ ನಕ್ಕ. ಕೆಲವು ದಿನಗಳ ಮೇಲೆ ಅವನ ತಂದೆ ಶುಲ್ಕ ಕಟ್ಟಲು ಬಂದಾಗ ನಾನು ಆ ಪ್ರಬಂಧದ ವಿಷಯ ತೆಗೆದೆ. ಆತ ಹೇಳಿದ್ದು ಇಷ್ಟು: "ಗುದ್ದಲಿ ಹಿಡಿಯೋದೇ ವಾಸಿ ಸಾರ್. ಬಾವುಟ ಹಿಡಿದ ದಿವಸ ಒಂದು ಬೀಡಿ ಹಚ್ಚೋಕೂ ಭಯ. ಕಡ್ಡಿ ಗೀರೋಕೆ ತಲೆ ಬಗ್ಗಿಸ್ತೀವಲ್ಲ, ಅಷ್ಟರಲ್ಲಿ ಬಂದ್ಬಿಟ್ರೆ? ಸಾಯಂಕಾಲ ಮನೆಗೆ ಹೋದ್ರೂ ಕಣ್ಣು ಉರೀತಿರ್ತದೆ." ಸುಮ್ಮನೆ ನಿಲ್ಲುವ ಕೆಲಸ ಎಷ್ಟು ಭಾರವಾದದ್ದೆಂದು ನನಗೆ ಮೊದಲು ತಿಳಿಸಿದವನು ಆತ. ಆ ಮಾರ್ಗ ಈಗ ಬ್ರಾಡ್‌ಗೇಜ್ ಆಗಿದೆ, ಜೋಡಿ ಹಳಿಯಾಗಿದೆ, ವಿದ್ಯುತ್ ಎಂಜಿನ್ನುಗಳು ಓಡುತ್ತಿವೆ. ಆತ ಹೇಳಿದ ಭಯಕ್ಕೆ ಈಗ ಕಾರಣಗಳು ಹೆಚ್ಚಾಗಿವೆಯೇ ಹೊರತು ಕಡಿಮೆಯಾಗಿಲ್ಲ.

ಆತ ಹೇಳಿದುದನ್ನೇ ಅಮೆರಿಕದ ಸರ್ಕಾರ 1997ರಲ್ಲಿ ಜಾರಿಗೆ ಬಂದ ನಿಯಮಗಳಲ್ಲಿ ಬರೆದಿದೆ. ಕಾವಲಿಗೆ ನಿಂತವನಿಗೆ ಬೇರಾವ ಕೆಲಸವನ್ನೂ ಕೊಡಬಾರದು. ಅವನ ಪೂರ್ಣ ಗಮನ ಗಾಡಿಯನ್ನು ಕಂಡುಹಿಡಿಯುವುದರಲ್ಲಿಯೇ ಇರಬೇಕು. ಗಾಡಿ ಬಂದು ತಲಪುವುದಕ್ಕೆ ಕನಿಷ್ಠ 15 ಸೆಕೆಂಡು ಮೊದಲೇ ಎಲ್ಲರೂ ಸುರಕ್ಷಿತ ಜಾಗ ಸೇರಿರುವಂತೆ ಅವನು ಎಚ್ಚರಿಸಬೇಕು. ಲೆಕ್ಕ ಹಾಕಿ ನೋಡಿ. 110 ಕಿಲೋಮೀಟರ್ ವೇಗದ ಗಾಡಿ 15 ಸೆಕೆಂಡಿನಲ್ಲಿ ಸುಮಾರು 460 ಮೀಟರ್ ಬರುತ್ತದೆ. ಇದರ ಜೊತೆಗೆ ಹಾರೆ ಎತ್ತಿಕೊಂಡು ಸರಿಯುವ ಸಮಯವನ್ನೂ ಸೇರಿಸಬೇಕು. ತಿರುವಿನಲ್ಲಿ ಅಷ್ಟು ದೂರ ಕಾಣದಿದ್ದರೆ ಕಾವಲುಗಾರನೊಬ್ಬನಿಂದ ಪ್ರಯೋಜನವಿಲ್ಲ, ಬೇರೆ ಉಪಾಯ ಬೇಕು. ಅದೇ ನಿಯಮಗಳಲ್ಲಿ ಇನ್ನೊಂದು ಅಂಶವನ್ನು ನಾನು ಬಹಳ ಮೆಚ್ಚುತ್ತೇನೆ. ಏರ್ಪಾಡು ಸರಿಯಿಲ್ಲವೆಂದು ಪ್ರಾಮಾಣಿಕವಾಗಿ ಅನ್ನಿಸಿದರೆ ಹಳಿಯ ಮೇಲೆ ಇಳಿಯಲು ಒಪ್ಪದಿರುವ ಹಕ್ಕು ಅತಿ ಸಾಮಾನ್ಯ ಕೆಲಸಗಾರನಿಗೂ ಉಂಟು.

ಕಣ್ಣಿಗೆ ಕಾಣುವ ಮಾತು ಬಂದುದರಿಂದ ಕಿತ್ತಳೆ ಬಣ್ಣದ ಅಂಗಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಈಗ ರಸ್ತೆಯ ಕೆಲಸದವರು, ಪೌರಕಾರ್ಮಿಕರು ಎಲ್ಲರೂ ತೊಡುವ ಆ ಹೊಳೆಯುವ ಅಂಗಿಯನ್ನು 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ವಿದ್ಯುತ್ ಗಾಡಿಗಳು ಓಡುತ್ತಿದ್ದ ಒಂದು ಮಾರ್ಗದ ಹಳಿ ಕೆಲಸಗಾರರ ಮೇಲೆ ಪ್ರಯೋಗಿಸಿ ನೋಡಿದರು. ಅದಕ್ಕೆ 'ಮಿಂಚುಹುಳು' ಎಂಬ ಅಡ್ಡಹೆಸರು ಬಿದ್ದಿತ್ತು. ಚಾಲಕನಿಗೆ ಮನುಷ್ಯನು ದೂರದಿಂದಲೇ ಕಾಣುತ್ತಾನೆ, ಸೀಟಿ ಹಾಕಲು ಒಂದಷ್ಟು ಹೊತ್ತು ದೊರೆಯುತ್ತದೆ. ಒಳ್ಳೆಯದೇ. ಆದರೆ ಅಂಗಿ ತೊಡಿಸಿದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ. ಅಂಗಿ ಅಗ್ಗ, ಫೋಟೋದಲ್ಲಿಯೂ ಚೆನ್ನಾಗಿ ಕಾಣುತ್ತದೆ; ಕಾವಲುಗಾರನಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು.

ಗಾಡಿಗಳನ್ನೇ ನಿಲ್ಲಿಸಿಬಿಟ್ಟರೆ ಈ ಕಾವಲಿನ ರಗಳೆಯೇ ಇಲ್ಲವಲ್ಲ ಎಂದು ಅನ್ನಿಸಬಹುದು. ಅದೇ ಉತ್ತಮ ಮಾರ್ಗ, ಸಂದೇಹವಿಲ್ಲ. ಜಪಾನಿನ ಶಿಂಕಾನ್ಸೆನ್ ಮಾರ್ಗ 1964ರಲ್ಲಿ ಆರಂಭವಾಯಿತು. ಅಲ್ಲಿ ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಪ್ರಯಾಣಿಕರ ಗಾಡಿ ಓಡುವುದಿಲ್ಲ. ಹಳಿಯ ಕೆಲಸವೆಲ್ಲ ಆಗಲೇ. ಕೆಲಸ ಮುಗಿದ ಮೇಲೆ, ಹಳಿಯ ಮೇಲೆ ಏನೂ ಉಳಿದಿಲ್ಲವೆಂದು ಖಚಿತಪಡಿಸಲು ಪರೀಕ್ಷಕ ವಾಹನವೊಂದು ಓಡಿದ ಬಳಿಕವೇ ಮೊದಲ ಗಾಡಿ ಹೊರಡುತ್ತದೆ. ಮನುಷ್ಯರ ಸಮಯ ಬೇರೆ, ಗಾಡಿಯ ಸಮಯ ಬೇರೆ.

ಆದರೆ ಮಾರ್ಗ ಮುಚ್ಚಿದೆ ಎಂಬ ನಂಬಿಕೆಯಲ್ಲಿಯೂ ಜನ ಸತ್ತಿದ್ದಾರೆ. 2004ರ ಫೆಬ್ರವರಿ 15, ಭಾನುವಾರ, ಇನ್ನೂ ಬೆಳಕು ಹರಿದಿರಲಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ಟೀಬೇ ಎಂಬ ಊರಿನ ಬಳಿ ಕೆಲಸಗಾರರು ಹಳಿಯ ಮೇಲಿದ್ದರು. ಅಲ್ಲಿಂದ ಕೆಲವು ಕಿಲೋಮೀಟರ್ ಮೇಲಕ್ಕೆ, ಷಾಪ್ ದಿಣ್ಣೆಯ ಇಳಿಜಾರಿನಲ್ಲಿ, ಇನ್ನೊಂದು ತಂಡ ಉಕ್ಕಿನ ಹಳಿಗಳನ್ನು ಟ್ರೈಲರಿಗೆ ತುಂಬುತ್ತಿತ್ತು. ಆ ಟ್ರೈಲರಿನ ಬ್ರೇಕುಗಳ ಸಂಪರ್ಕವನ್ನು ಮೊದಲೇ ಕಡಿದಿಡಲಾಗಿತ್ತು. ಗಾಲಿಗಳಿಗೆ ಮರದ ತುಂಡುಗಳನ್ನು ಒತ್ತುಕೊಟ್ಟಿದ್ದರು. ಅದು ಜಾರಿತು. ಎಂಜಿನ್ನಿಲ್ಲದ, ದೀಪವಿಲ್ಲದ, ಚಾಲಕನಿಲ್ಲದ ಆ ಭಾರ ಕತ್ತಲಲ್ಲಿ ಸದ್ದಿಲ್ಲದೆ ಇಳಿದುಬಂದಿತು. ಟೀಬೇಯಲ್ಲಿದ್ದವರಿಗೆ ತಮ್ಮದೇ ಜನರೇಟರಿನ ಸದ್ದು. ನಾಲ್ವರು ಸತ್ತರು. ಯಂತ್ರಗಳ ಮಾಲೀಕನಿಗೆ 2006ರಲ್ಲಿ ನರಹತ್ಯೆಯ ಅಪರಾಧಕ್ಕಾಗಿ ಜೈಲಾಯಿತು. ಬ್ರೇಕನ್ನು ರಿಪೇರಿ ಮಾಡಿಸದೆ ಉಳಿಸಿದ ಹಣ ಎಷ್ಟಿದ್ದೀತು!

ಅದೇ ದೇಶದಲ್ಲಿ 2019ರ ಜುಲೈ 3ರಂದು ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ವೇಲ್ಸ್ ಪ್ರಾಂತದ ಮಾರ್ಗಮ್ ಎಂಬಲ್ಲಿ ಗಾಡಿಗಳು ಓಡುತ್ತಿದ್ದ ಹಳಿಯ ಮೇಲೆ ಮೂವರು ಬೋಲ್ಟುಗಳ ಕೆಲಸದಲ್ಲಿ ತೊಡಗಿದ್ದರು. ಯಂತ್ರದ ಸದ್ದಿನಿಂದ ರಕ್ಷಣೆಗೆಂದು ಕಿವಿಗೆ ಕವಚ ಹಾಕಿಕೊಂಡಿದ್ದರು. ಕಾವಲಿಗೆ ಯಾರೂ ನೇಮಕವಾಗಿರಲಿಲ್ಲ. ಚಾಲಕನು ಸೀಟಿ ಹಾಕಿದನು, ಬ್ರೇಕನ್ನೂ ಹಾಕಿದನು. ಇಬ್ಬರು ಸತ್ತರು, ಮೂರನೆಯವನು ಕೂದಲೆಳೆಯಲ್ಲಿ ಉಳಿದನು. ಮೂವರೂ ಕೈಯಲ್ಲಿದ್ದ ಕೆಲಸದಲ್ಲಿ ಮುಳುಗಿಹೋಗಿದ್ದರು ಎಂದು ತನಿಖಾ ವರದಿ ಹೇಳಿತು. 1902ರ ನಿಯಮಕ್ಕೆ ಆಗ 117 ವರ್ಷ. ಇದಾದ ಮೇಲೆ ಬ್ರಿಟನ್ನಿನ ರೈಲ್ವೆಯು ಬರಿಗಣ್ಣಿನ ಕಾವಲೊಂದನ್ನೇ ನಂಬಿ ಗಾಡಿ ಓಡುವ ಹಳಿಯ ಮೇಲೆ ಜನರನ್ನಿಳಿಸುವ ಪದ್ಧತಿಯನ್ನೇ ಕೈಬಿಡಲು ಮುಂದಾಯಿತು. ಕಾವಲುಗಾರನು ಅನಗತ್ಯವೆಂದು ಹೀಗೆ ಮಾಡಲಿಲ್ಲ. ಮನುಷ್ಯನ ಕಣ್ಣಿನ ಮೇಲೆ ಹೊರಿಸಿದ ಭಾರ ಅತಿಯಾಯಿತೆಂದು ಮಾಡಿದರು.

ನಮ್ಮ ದೇಶಕ್ಕೆ ಬರೋಣ. ವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ರೈಲ್ವೆ ಸುರಕ್ಷತಾ ಸಮಿತಿಯು 2012ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಪತ್ರಿಕೆಗಳು ಹೆಚ್ಚಾಗಿ ಅದರಲ್ಲಿನ ಕೋಟಿಗಳ ಲೆಕ್ಕವನ್ನು ಬರೆದವು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ಸಂಖ್ಯೆ. 2007ರಿಂದ 2011ರ ಅಕ್ಟೋಬರ್‌ವರೆಗಿನ ಸುಮಾರು ನಾಲ್ಕು ವರ್ಷಗಳಲ್ಲಿ ಕರ್ತವ್ಯದ ಮೇಲಿದ್ದಾಗ ಸತ್ತ ರೈಲ್ವೆ ನೌಕರರು ಸುಮಾರು 1,600. ಗಾಯಗೊಂಡವರು ಸುಮಾರು 8,700. ಇವರೆಲ್ಲ ಹಳಿಯ ಮೇಲೆಯೇ ಸತ್ತವರಲ್ಲ ನಿಜ, ಬೇರೆ ಬೇರೆ ಕೆಲಸದವರೂ ಇದ್ದಾರೆ. ಆದರೂ ಅದೇ ಅವಧಿಯಲ್ಲಿ ದೇಶದ ರೈಲು ಅಪಘಾತಗಳಲ್ಲಿ ಮಡಿದವರಿಗಿಂತ ಇದು ದೊಡ್ಡ ಸಂಖ್ಯೆ. ಆ ಅಪಘಾತಗಳಲ್ಲಿ ಕೆಲವನ್ನಾದರೂ ನಾವು ನೀವು ನೆನಪಿಟ್ಟಿದ್ದೇವೆ. ಈ 1,600 ಜನ ಸತ್ತ ಸುದ್ದಿ ನಮ್ಮ ಕಿವಿಗೆ ಬೀಳಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿದ್ದ ಸ್ಥಿತಿಯನ್ನು ಮೇಲೆ ವರ್ಣಿಸಿದೆನಲ್ಲ, ಅದೇ.

ಇತ್ತೀಚಿನ ಎರಡು ಘಟನೆಗಳನ್ನು ಹೇಳುತ್ತೇನೆ. 2024ರ ಜನವರಿ 22ರ ರಾತ್ರಿ ಮುಂಬಯಿಯ ವಸಾಯಿ ರೋಡ್ ಮತ್ತು ನಾಯಗಾಂವ್ ನಡುವೆ ಸಿಗ್ನಲ್ ದೋಷವನ್ನು ಸರಿಪಡಿಸಲು ಹೋಗಿದ್ದ ಮೂವರು ನೌಕರರು ಲೋಕಲ್ ಗಾಡಿಗೆ ಸಿಕ್ಕಿ ಸತ್ತರು. ಅವರಲ್ಲೊಬ್ಬರು ಆ ಕೆಲಸದಲ್ಲಿ ಪಳಗಿದ ಮುಖ್ಯ ಇನ್‌ಸ್ಪೆಕ್ಟರ್. ಅಂದರೆ ನಿಯಮ ತಿಳಿಯದ ಹೊಸಬರಿಗೆ ಮಾತ್ರ ಹೀಗಾಗುತ್ತದೆ ಎನ್ನುವಂತಿಲ್ಲ. ಗಾಡಿಗಳು ನಿಮಿಷಗಳ ಅಂತರದಲ್ಲಿ ಓಡುವ ಆ ಮಾರ್ಗದಲ್ಲಿ ಕೆಟ್ಟ ಸಿಗ್ನಲ್ ಬೇಗ ಸರಿಯಾಗಬೇಕೆಂಬ ಒತ್ತಡ ಎಷ್ಟಿರುತ್ತದೆಂದು ಊಹಿಸಬಹುದು.

ಅದೇ ವರ್ಷ ನವೆಂಬರ್ 2ರ ಮಧ್ಯಾಹ್ನ ಕೇರಳದ ಷೊರನೂರಿನ ಬಳಿ ಭಾರತಪ್ಪುಳ ನದಿಯ ಸೇತುವೆಯ ಮೇಲೆ ಹಳಿಯ ಕಸ ಆಯುತ್ತಿದ್ದ ನಾಲ್ವರು, ತಮಿಳುನಾಡಿನ ಸೇಲಂ ಕಡೆಯವರು, ಕೇರಳ ಎಕ್ಸ್‌ಪ್ರೆಸ್ ಬಡಿದು ಸತ್ತರು. ಅವರು ರೈಲ್ವೆಯ ನೌಕರರಲ್ಲ, ಗುತ್ತಿಗೆದಾರನ ಕಡೆಯವರು. ಕೆಲಸ ಹಳಿಯನ್ನು ಹಾಸುವುದಲ್ಲ, ದುರಸ್ತಿಯಲ್ಲ, ಎಣ್ಣೆ ಹಾಕುವುದೂ ಅಲ್ಲ, ಪ್ಲಾಸ್ಟಿಕ್ ಬಾಟಲಿಗಳನ್ನು ಹೆಕ್ಕುವಂಥ ಕೆಲಸ. ಸೇತುವೆಯ ಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ನದಿ. ಪ್ರಶ್ನೆ ಕೇಳಿದ ಹುಡುಗನು ಇದನ್ನು ಗಮನಿಸಬೇಕು. ಬೆರಿಮನ್‌ನ ವಿಧವೆಗೆ ಒಂದು ಪದ ಅಡ್ಡಬಂದಂತೆ ಇಲ್ಲಿ ಅಡ್ಡಬರುವುದು 'ಗುತ್ತಿಗೆ' ಎಂಬ ಪದ. ಆಯಾ ವಿಭಾಗದ ಖಾಯಂ ನೌಕರನಿಗೆ ತರಬೇತಿಯುಂಟು, ಬಾವುಟ ಹಿಡಿದ ಜೊತೆಗಾರನುಂಟು, ಗಾಡಿಯ ವೇಳೆ ತಿಳಿಸುವ ಮೇಸ್ತ್ರಿಯುಂಟು. ಗುತ್ತಿಗೆಯವನ ಮಟ್ಟಕ್ಕೆ ಇಳಿಯುವ ಹೊತ್ತಿಗೆ ಇವೆಲ್ಲವೂ ಕಾಗದದ ಮೇಲಿನ ಷರತ್ತುಗಳಾಗಿರುತ್ತವೆ.

ಹಾಗೆಂದು ಏನೂ ಆಗುತ್ತಿಲ್ಲವೆಂದಲ್ಲ. 'ರಕ್ಷಕ್' ಎಂಬ ಸಾಧನವೊಂದು ಬಂದಿದೆ. ರೇಡಿಯೋ ಸಂಕೇತದಿಂದ ಕೆಲಸ ಮಾಡುವ ಇದನ್ನು ಕೀಮ್ಯಾನ್ ತನ್ನೊಡನೆ ಇಟ್ಟುಕೊಂಡರೆ ಗಾಡಿ ಸಮೀಪಿಸುತ್ತಿರುವುದನ್ನು ಸದ್ದಿನಿಂದಲೂ ಕಂಪನದಿಂದಲೂ ತಿಳಿಸುತ್ತದೆ. ಹಳಿಯ ಕೆಲಸಕ್ಕೆಂದು ಗಾಡಿಗಳನ್ನು ತಡೆದು ಕೊಡುವ 'ಬ್ಲಾಕ್' ಅವಧಿಗಳನ್ನು ಬಹಳ ಮೊದಲೇ ಯೋಜಿಸಬೇಕೆಂದು 2023ರಲ್ಲಿ ಸಾಮಾನ್ಯ ನಿಯಮಗಳನ್ನು ತಿದ್ದಿದ್ದಾರೆ. ಹಾರೆ ಗುದ್ದಲಿಗಳ ಎಷ್ಟೋ ಕೆಲಸ ಯಂತ್ರಗಳಿಗೆ ಹೋಗಿದೆ. ಹಳಿಯ ಮೇಲೆ ಜನರಿರುವ ಹೊತ್ತು ಅಷ್ಟರಮಟ್ಟಿಗೆ ಕಡಿಮೆಯಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ರೇಡಿಯೋ ಸಂಕೇತವು ಗುಡ್ಡಗಾಡಿನಲ್ಲಿ ಸೊರಗುತ್ತದೆಂಬುದನ್ನು ಮೊಬೈಲು ಹಿಡಿದ ನಾವೆಲ್ಲರೂ ಬಲ್ಲೆವು.

ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಮಾರ್ಗವನ್ನೇ ತೆಗೆದುಕೊಳ್ಳಿ. ಸುಮಾರು 55 ಕಿಲೋಮೀಟರ್ ದೂರದಲ್ಲಿ 57 ಸುರಂಗಗಳು, 109 ಸೇತುವೆಗಳು, 50 ಅಡಿಗೆ ಒಂದು ಅಡಿಯಂತೆ ಏರು. ಮೀಟರ್‌ಗೇಜಾಗಿ 1979ರಲ್ಲಿ ತೆರೆದ ಹಾಸನ–ಮಂಗಳೂರು ಮಾರ್ಗದ ಭಾಗವಿದು. 1996ರಲ್ಲಿ ಮುಚ್ಚಿ, ಬ್ರಾಡ್‌ಗೇಜಾಗಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಈ ಗಾಡಿಯಲ್ಲಿ ಹೋಗುವಾಗ ನಾವೆಲ್ಲರೂ ಕಿಟಕಿಯಿಂದ ಜಲಪಾತಗಳನ್ನು ನೋಡುತ್ತೇವೆ, ಮಕ್ಕಳು ಸುರಂಗ ಬಂದಾಗ ಕೂಗು ಹಾಕುತ್ತಾರೆ. ಮುಂದಿನ ಸಲ ಹೋದಾಗ ಇನ್ನೊಂದನ್ನೂ ನೋಡಿ. ಸುರಂಗದ ಗೋಡೆಯಲ್ಲಿ ಅಲ್ಲಲ್ಲಿ ಒಬ್ಬಿಬ್ಬರು ನಿಲ್ಲುವಷ್ಟು ಗೂಡುಗಳನ್ನು ಕೊರೆದಿರುತ್ತಾರೆ. ಸೇತುವೆಗಳ ಪಕ್ಕದಲ್ಲಿ ಸಣ್ಣ ಅಟ್ಟಣಿಗೆಗಳಿರುತ್ತವೆ. ಗಾಡಿ ಬಂದಾಗ ಕೆಲಸಗಾರರು ಓಡಿ ಸೇರಿಕೊಳ್ಳುವ ಜಾಗಗಳು ಅವು. ಮಳೆಗಾಲದಲ್ಲಿ ಬಂಡೆ ಜಾರಿದೆಯೇ, ಮಣ್ಣು ಕುಸಿದಿದೆಯೇ ಎಂದು ರಾತ್ರಿಯ ಹೊತ್ತು ಲಾಂದ್ರವೋ ಟಾರ್ಚೋ ಹಿಡಿದು ಈ ಹಳಿಯುದ್ದಕ್ಕೂ ನಡೆಯುವ ಗಸ್ತಿನವರಿದ್ದಾರೆ. ಅವರಿಗೆ ಬಾವುಟ ಹಿಡಿದು ಕಾಯುವವರು ಬೇರೆ ಯಾರೂ ಇಲ್ಲ. ಜೀರುಂಡೆಯ ಸದ್ದು, ತೊರೆಯ ಸದ್ದು, ಮಳೆಯ ಸದ್ದುಗಳ ನಡುವೆ ಎಂಜಿನ್ನಿನ ಸದ್ದನ್ನು ಬೇರ್ಪಡಿಸಿ ಕೇಳಿಸಿಕೊಳ್ಳುತ್ತ, ಮುಂದಿನ ಗೂಡು ಎಷ್ಟು ದೂರವಿದೆಯೆಂದು ಲೆಕ್ಕವಿಟ್ಟುಕೊಂಡು ಅವರು ನಡೆಯುತ್ತಾರೆ.